ಬೇಸಿಗೆಯ ಮೀನುಮರಿಗಳಿಗೆ 500 ಲೀಟರಿನ ಕಪ್ಪು ಟಬ್: ಮಲೆನಾಡಿನ ಅಂಗಳಕ್ಕೆ ಎಷ್ಟು ಹೊಂದುತ್ತದೆ?

ದನಕರುಗಳಿಗೆ ನೀರು ಕುಡಿಸಲು, ತೋಟದಲ್ಲಿ ಔಷಧಿ ಕಲಸಲು, ಮನೆ ಕಟ್ಟುವಲ್ಲಿ ನೀರು ತುಂಬಿಡಲು ನಮ್ಮ ಕಡೆ ಕೊಳ್ಳುವ ದುಂಡನೆಯ ಕಪ್ಪು ಪ್ಲಾಸ್ಟಿಕ್ ಟಬ್ಬನ್ನು ಶಿವಮೊಗ್ಗದಲ್ಲಿ ನೋಡದವರಿಲ್ಲ. ಅದರಲ್ಲಿ ಬಾಯಿಯ ಅಗಲ 120 ಸೆಂಟಿಮೀಟರ್, ಎತ್ತರ 45 ಸೆಂಟಿಮೀಟರ್ ಇರುವ, 500 ಲೀಟರ್ ಎಂದು ಹೇಳಿ ಮಾರುವ ದೊಡ್ಡ ಅಳತೆಯ ಟಬ್ಬಿನ ಬಗ್ಗೆ ಇಲ್ಲಿ ಬರೆಯುತ್ತಿದ್ದೇನೆ. ಬೇಸಿಗೆಯಲ್ಲಿ ಅಕ್ವೇರಿಯಂ ಮೀನುಗಳನ್ನು ಹೊರಗೆ ಸಾಕಿ ಮರಿ ಮಾಡಿಸುವ ಕೆಲಸಕ್ಕೆ ನಾನು ಇದನ್ನೇ ಬಳಸುತ್ತಿದ್ದೇನೆ. ಇದೇ ಕೆಲಸಕ್ಕೆ ಬಳಕೆಯಲ್ಲಿರುವ ಡ್ರಮ್, ಸಿಮೆಂಟ್ ರಿಂಗ್, ಟಾರ್ಪಾಲಿನ್ ತೊಟ್ಟಿಗಳೊಂದಿಗೆ ಹೋಲಿಸಿ ನೋಡಿದ ಮೇಲೆ, ಮಲೆನಾಡಿನ ಬೇಸಿಗೆಗೆ ಇದಕ್ಕಿಂತ ಒಳ್ಳೆಯ ಪಾತ್ರೆ ಈ ಬೆಲೆಯಲ್ಲಿ ಸಿಗುವುದಿಲ್ಲ ಎಂಬ ಅಭಿಪ್ರಾಯಕ್ಕೆ ಬಂದಿದ್ದೇನೆ. ಆದರೆ ಅಂಗಡಿಯಿಂದ ತಂದ ಹಾಗೆಯೇ ಅಂಗಳದಲ್ಲಿಟ್ಟು ನೀರು ತುಂಬಿಸಿದರೆ ಅದು ಒಳ್ಳೆಯ ಪಾತ್ರೆಯಾಗುವುದಿಲ್ಲ. ಎಲ್ಲಿಡಬೇಕು, ಮೊದಲ ಮಳೆಗೆ ಮುಂಚೆ ಅದಕ್ಕೆ ಏನು ಜೋಡಿಸಬೇಕು ಎಂಬ ಎರಡು ವಿಷಯಗಳ ಮೇಲೆ ಎಲ್ಲವೂ ನಿಂತಿದೆ.

ಮೊದಲು ಆಕಾರದ ವಿಚಾರ. ಟಬ್ ಕೊಳ್ಳುವಾಗ ಎಲ್ಲರೂ ಕೇಳುವುದು ಎಷ್ಟು ಲೀಟರ್ ಎಂದು. ಮೀನು ಸಾಕುವವರು ಕೇಳಬೇಕಾದದ್ದು ನೀರಿನ ಮೇಲ್ಮೈ ಎಷ್ಟು ಅಗಲ ಎಂದು, ಏಕೆಂದರೆ ಪಂಪ್ ಇಲ್ಲದ ಪಾತ್ರೆಯಲ್ಲಿ ಗಾಳಿಯ ಆಮ್ಲಜನಕ ನೀರಿಗೆ ಇಳಿಯುವುದು ಮೇಲ್ಮೈಯ ಮೂಲಕವೇ. ಈ ಟಬ್ಬಿನ ಮೇಲ್ಮೈ ಒಂದು ಚದರ ಮೀಟರಿಗಿಂತ ತುಸು ಹೆಚ್ಚು. ಅನೇಕರು ಮೀನಿಗಾಗಿ ಬಳಸುವ 200 ಲೀಟರಿನ ನೀಲಿ ಡ್ರಮ್ಮನ್ನು ನೆಟ್ಟಗೆ ನಿಲ್ಲಿಸಿದರೆ ಅದರ ಮೇಲ್ಮೈ ಇದರ ನಾಲ್ಕನೆಯ ಒಂದು ಭಾಗದಷ್ಟೂ ಆಗುವುದಿಲ್ಲ. ಬೇಸಿಗೆಯಲ್ಲಿ ಈ ವ್ಯತ್ಯಾಸ ಪ್ರಾಣದ ಪ್ರಶ್ನೆಯಾಗುತ್ತದೆ. 20 ಡಿಗ್ರಿ ಸೆಲ್ಸಿಯಸ್‌ನ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಟ್ಟುಕೊಳ್ಳಬಲ್ಲದು. 30 ಡಿಗ್ರಿಗೆ ಅದು ಏಳೂವರೆಗೆ ಇಳಿಯುತ್ತದೆ. 35 ಡಿಗ್ರಿಯಲ್ಲಿ ಏಳಕ್ಕೂ ಕಡಿಮೆ. ನೀರು ಬಿಸಿಯಾದಷ್ಟೂ ಮೀನಿನ ಉಸಿರಾಟದ ವೇಗ ಹೆಚ್ಚುತ್ತದೆ, ಅಂದರೆ ಬೇಕಾಗುವುದು ಹೆಚ್ಚುತ್ತಿರುವಾಗಲೇ ಸಿಗುವುದು ಕಡಿಮೆಯಾಗುತ್ತದೆ. ಏಪ್ರಿಲ್ ಕೊನೆಯ ಗಾಳಿಮಳೆಗೆ ಮರ ಬಿದ್ದು ರಾತ್ರಿಯಿಡೀ ಕರೆಂಟ್ ಇಲ್ಲದ ನಮ್ಮ ಊರುಗಳಲ್ಲಿ ಏರೇಟರನ್ನು (ನೀರಿಗೆ ಗಾಳಿ ಊದುವ ಪಂಪನ್ನು) ನಂಬಿ ಮೀನು ಸಾಕಲಾಗದು. ಅಗಲವಾದ ಟಬ್ಬಿಗೆ ಹಿತಮಿತವಾಗಿ ಮೀನು ಬಿಟ್ಟರೆ ಏರೇಟರಿನ ಅಗತ್ಯವೇ ಬೀಳುವುದಿಲ್ಲ. ಈ ಟಬ್ಬಿನ ಅತಿ ದೊಡ್ಡ ಗುಣ ಇದು.

ನೀರನ್ನು ಅಂಚಿನವರೆಗೆ ತುಂಬಿಸದೆ 35 ಸೆಂಟಿಮೀಟರಿಗೆ ನಿಲ್ಲಿಸುವುದು ಉತ್ತಮ. ಆಗ ಸುಮಾರು 400 ಲೀಟರ್ ನೀರಿರುತ್ತದೆ, ಮೀನು ಜಿಗಿದು ಹೊರಬೀಳುವ ಭಯ ಕಡಿಮೆಯಾಗುತ್ತದೆ, ಅಡ್ಡಮಳೆ ಬಂದರೂ ತುಸು ಜಾಗ ಉಳಿದಿರುತ್ತದೆ. ಒಂದು ಲೆಕ್ಕ ನೆನಪಿಟ್ಟುಕೊಂಡರೆ ಅನುಕೂಲ: ಈ ಟಬ್ಬಿನಲ್ಲಿ ನೀರು ಒಂದು ಸೆಂಟಿಮೀಟರ್ ಇಳಿಯಿತೆಂದರೆ ಸುಮಾರು 11 ಲೀಟರ್ ಆರಿಹೋಯಿತೆಂದು ಅರ್ಥ. ಬೇಸಿಗೆಯಲ್ಲಿ ಒಂದು ಕೊಡ ನೀರನ್ನು ಆಗಾಗ ಸೇರಿಸುತ್ತಿದ್ದರೆ ಸಾಕು.

ಇನ್ನು ಬಣ್ಣ. ಕಪ್ಪು ಬಣ್ಣಕ್ಕೆ ಎರಡು ಲಾಭಗಳಿವೆ. ಬಿಸಿಲಿನ ನೇರಳಾತೀತ ಕಿರಣಗಳಿಗೆ ಕಪ್ಪು ಪ್ಲಾಸ್ಟಿಕ್ ತಿಳಿಬಣ್ಣದ ಪ್ಲಾಸ್ಟಿಕ್ಕಿಗಿಂತ ಹೆಚ್ಚು ಕಾಲ ತಾಳುತ್ತದೆ. ಕಪ್ಪು ತಳದ ಮೇಲೆ ಮೀನು ಅಂಜದೆ ಓಡಾಡುತ್ತದೆ, ಅದರ ಮೈಬಣ್ಣವೂ ಗಾಢವಾಗಿ ಕಾಣುತ್ತದೆ. ಆದರೆ ಇದೇ ಬಣ್ಣ ಬಿಸಿಲನ್ನು ಹೀರುತ್ತದೆ. ಬಯಲು ಅಂಗಳದಲ್ಲಿ ಏಪ್ರಿಲ್ ತಿಂಗಳ ಮಧ್ಯಾಹ್ನ ಮೂರರ ಹೊತ್ತಿಗೆ ಥರ್ಮಾಮೀಟರ್ ಇಳಿಬಿಟ್ಟು ನೋಡಿದಾಗ ಮೇಲಿನ ಪದರ 37 ಡಿಗ್ರಿ ತೋರಿಸಿತು. ತಳದಲ್ಲಿ 32 ಇತ್ತು. ಮೀನುಗಳೆಲ್ಲ ತಳಕ್ಕೆ ಅಂಟಿಕೊಂಡಂತೆ ನಿಂತಿದ್ದವು, ಮೇಲೆ ಹಾಕಿದ ಆಹಾರಕ್ಕೆ ಒಂದೂ ಬರಲಿಲ್ಲ. ಅದೇ ಟಬ್ಬನ್ನು ಅಡಿಕೆ ಸೋಗೆ ಹೊದಿಸಿದ ಚಪ್ಪರದ ಅಡಿಗೆ, ಬೆಳಗಿನ ಎಳೆಬಿಸಿಲು ಮಾತ್ರ ಬೀಳುವ ಕಡೆಗೆ ಇಟ್ಟಾಗ ನೀರು 30 ಡಿಗ್ರಿ ದಾಟುವುದೇ ಅಪರೂಪ. ಅಡಿಕೆ ಒಣಗಿಸಲು ಹಾಕಿದ ಚಪ್ಪರವನ್ನು ಸುಗ್ಗಿ ಮುಗಿದ ಮೇಲೂ ಮಳೆಗಾಲದ ಹೊಸ್ತಿಲವರೆಗೆ ಬಿಟ್ಟಿರುವ ಮನೆಗಳಿಗೆ ಇದಕ್ಕಿಂತ ಸುಲಭ ಬೇರೆ ಇಲ್ಲ. ಪೇಟೆಯಲ್ಲಿರುವವರು ಅರ್ಧ ಬಿಸಿಲು ತಡೆಯುವ ಹಸಿರು ನೆರಳು ಬಲೆ ಕಟ್ಟಿಕೊಳ್ಳಬಹುದು. ತೋಟದೊಳಗೆ ಮರಗಳ ಕೆಳಗೇ ಇಡುವುದು ನೋಡಲು ಚೆಂದ, ಆದರೆ ಅದನ್ನು ನಾನು ಒಪ್ಪುವುದಿಲ್ಲ. ಒಣಗಿದ ಸೋಗೆ ಅಷ್ಟು ಎತ್ತರದಿಂದ ಅಂಚಿನ ಮೇಲೆ ಬಿದ್ದರೆ ಪ್ಲಾಸ್ಟಿಕ್ ಸೀಳುತ್ತದೆ. ಅದಕ್ಕಿಂತ ಗಂಭೀರವಾದ ಇನ್ನೊಂದು ಕಾರಣವನ್ನು ಮುಂದೆ ಹೇಳುತ್ತೇನೆ.

ಗುಣಮಟ್ಟದ ವಿಷಯದಲ್ಲಿ ಎಲ್ಲ ಟಬ್ಬುಗಳೂ ಒಂದೇ ಅಲ್ಲ. ಒಂದೇ ಅಳತೆಯ ಎರಡು ಟಬ್ಬುಗಳನ್ನು ಎತ್ತಿ ನೋಡಿದರೆ ತೂಕದಲ್ಲಿಯೇ ವ್ಯತ್ಯಾಸ ಗೊತ್ತಾಗುತ್ತದೆ. ತೆಳುವಾದದ್ದು ನೀರು ತುಂಬಿದ ಕೂಡಲೇ ಹೊಟ್ಟೆ ಉಬ್ಬಿ ಮೊಟ್ಟೆಯಾಕಾರಕ್ಕೆ ತಿರುಗುತ್ತದೆ. ನಾನು ಮೊದಲು ತಂದ ತೆಳು ಟಬ್ಬಿನ ಅಂಚು ಎರಡನೆಯ ಬೇಸಿಗೆಗೆ ಬೂದು ಹಿಡಿದಂತೆ ಬಿಳಿಚಿಕೊಂಡು, ಬೆರಳಿನಿಂದ ಒತ್ತಿದರೆ ಚಕ್ಕೆ ಏಳುವಷ್ಟು ಪೆಡಸಾಯಿತು. ಅಂಗಡಿಯವರನ್ನು ಕೇಳಿದಾಗ “ಅದನ್ನ ಎಲ್ಲರೂ ದನದ ಕೊಟ್ಟಿಗೆ ಒಳಗೆ ಇಡ್ತಾರೆ ಸಾರ್, ಬಿಸಿಲಿಗೆ ಇಟ್ರೆ ನಾವೇನ್ ಮಾಡೋಣ” ಎಂದರು. ಬಿಲ್ಲಿನಲ್ಲಿ ಗ್ಯಾರಂಟಿಯ ಮಾತೇ ಇರಲಿಲ್ಲ. ಹೊರಗೆ ಬಳಸುವ ವಸ್ತುವೆಂದು ಮಾರುವಾಗ ಅದು ಎಷ್ಟು ಬಿಸಿಲು ತಾಳುತ್ತದೆ ಎಂಬುದನ್ನು ಹೇಳುವ ಹೊಣೆ ಮಾರುವವರಿಗೆ ಇರಬೇಕು ಎಂದು ನನ್ನ ಖಚಿತ ಅಭಿಪ್ರಾಯ. ಹಾಗಾಗಿ ಕೊಳ್ಳುವವರು ಗೋಡೆಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ, ಅಂಚು ದಪ್ಪಗೆ ಮಡಿಸಿರುವುದನ್ನು ಆರಿಸಿ, ಮೂಗಿನ ಹತ್ತಿರ ಹಿಡಿದಾಗ ಸುಟ್ಟ ವಾಸನೆ ಬರುವುದನ್ನು ಬಿಟ್ಟುಬಿಡುವುದು ಒಳ್ಳೆಯದು. ಹೊಸ ಟಬ್ಬಿಗೆ ಒಂದೆರಡು ಬಾರಿ ನೀರು ತುಂಬಿ ಚೆಲ್ಲಿ, ಆಮೇಲೆ ಬಳಸಬೇಕು. ಇಡುವ ನೆಲ ಸಮತಟ್ಟಾಗಿರಲೇಬೇಕು. ತುಂಬಿದ ಟಬ್ಬಿನ ತೂಕ ಅರ್ಧ ಟನ್ನಿಗೆ ಹತ್ತಿರ. ತಳದಲ್ಲಿ ಒಂದು ಚೂಪು ಜಂಬಿಟ್ಟಿಗೆ ಚೂರು ಉಳಿದರೂ ಅದು ಒಳಗೊತ್ತುತ್ತದೆ.

ನೀರಿನ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು. ಪೇಟೆಯ ನಲ್ಲಿಗೆ ಬರುವ ತುಂಗೆಯ ನೀರಿನಲ್ಲಿ ಕ್ಲೋರಿನ್ ಇರುವುದರಿಂದ ಒಂದೆರಡು ದಿನ ಬಿಸಿಲಿಗೆ ಬಿಟ್ಟು ಬಳಸಬೇಕು. ಹಳ್ಳಿಯ ಬಾವಿ ಹಾಗೂ ಗುಡ್ಡದ ಒರತೆಯ ನೀರಿಗೆ ಆ ತೊಂದರೆ ಇಲ್ಲ, ಆದರೆ ಅದು ಬಹಳ ಮೆದು ನೀರು. ಖನಿಜಾಂಶ ಕಡಿಮೆಯಿರುವ ನೀರಿಗೆ ತನ್ನ ಪಿಎಚ್ ಮಟ್ಟವನ್ನು (ನೀರು ಎಷ್ಟು ಆಮ್ಲೀಯ, ಎಷ್ಟು ಕ್ಷಾರೀಯ ಎಂಬ ಅಳತೆಯನ್ನು) ಹಿಡಿದಿಟ್ಟುಕೊಳ್ಳುವ ಶಕ್ತಿಯೂ ಕಡಿಮೆ. ಹೊರಗಿಟ್ಟ ಟಬ್ಬಿನಲ್ಲಿ ಕೆಲವೇ ವಾರಗಳಲ್ಲಿ ಸೂಕ್ಷ್ಮ ಪಾಚಿ ಬೆಳೆದು ನೀರು ಹಸಿರಾಗುತ್ತದೆ. ಆ ಹಸಿರು ನೀರು ಮರಿಗಳಿಗೆ ಅಮೃತ, ಅದರಲ್ಲಿ ಹುಟ್ಟುವ ಸೂಕ್ಷ್ಮಜೀವಿಗಳೇ ಮರಿಗಳ ಮೊದಲ ಆಹಾರ. ಆದರೆ ಪಾಚಿ ಹಗಲಿನಲ್ಲಿ ಇಂಗಾಲದ ಡೈಆಕ್ಸೈಡ್ ಹೀರಿ ಪಿಎಚ್ ಅನ್ನು ಏರಿಸುತ್ತದೆ, ರಾತ್ರಿ ಮೀನಿನಂತೆಯೇ ಆಮ್ಲಜನಕವನ್ನು ಖರ್ಚು ಮಾಡುತ್ತದೆ. ಮೆದು ನೀರಿನಲ್ಲಿ ಈ ಏರಿಳಿತ ಜೋರು. ಮೀನಿನ ಮಲದಿಂದಲೂ ಉಳಿದ ಆಹಾರದಿಂದಲೂ ಬರುವ ಅಮೋನಿಯದಲ್ಲಿ, ಪಿಎಚ್ 7 ಇರುವಾಗ ಶೇಕಡಾ 1ರಷ್ಟೂ ವಿಷರೂಪದಲ್ಲಿರುವುದಿಲ್ಲ. ಪಿಎಚ್ 9ಕ್ಕೆ ಏರಿದರೆ 25 ಡಿಗ್ರಿಯ ನೀರಿನಲ್ಲಿಯೇ ಮೂರನೆಯ ಒಂದು ಭಾಗ ವಿಷವಾಗುತ್ತದೆ. ಬೆಳಿಗ್ಗೆ ಚೆನ್ನಾಗಿದ್ದ ಮೀನು ಸಂಜೆಗೆ ತೇಲುವುದರ ಹಿಂದೆ ಅನೇಕ ಬಾರಿ ಇರುವುದು ಇದೇ ಕಾರಣ. ಪರಿಹಾರ ಕಷ್ಟದ್ದಲ್ಲ. ಕರಾವಳಿಯಿಂದ ತಂದ ಕಪ್ಪೆಚಿಪ್ಪನ್ನು ತೊಳೆದು ಒಂದು ಬೊಗಸೆಯಷ್ಟು ಬಲೆಚೀಲದಲ್ಲಿ ಕಟ್ಟಿ ಮುಳುಗಿಸಿದರೆ ಅದು ನಿಧಾನವಾಗಿ ಕರಗಿ ನೀರಿಗೆ ಹಿಡಿತ ಕೊಡುತ್ತದೆ. ಮೇಲ್ಮೈಯ ಅರ್ಧ ಭಾಗವನ್ನು ಅಂತರಗಂಗೆಗೆ ಬಿಟ್ಟುಕೊಟ್ಟರೆ ಅದು ಪಾಚಿಯ ಪಾಲಿನ ಬೆಳಕನ್ನೂ ಅಮೋನಿಯವನ್ನೂ ತಾನೇ ತೆಗೆದುಕೊಳ್ಳುತ್ತದೆ. ಹೆಚ್ಚಾದ ಗಿಡವನ್ನು ಗೊಬ್ಬರಗುಂಡಿಗೆ ಹಾಕಬೇಕೇ ಹೊರತು ಕೆರೆಗೆ ಎಸೆಯಬಾರದು.

ಈ ಟಬ್ಬಿನಲ್ಲಿ ಅತ್ಯಂತ ಚೆನ್ನಾಗಿ ಮರಿಯಾಗುವ ಮೀನು ಯಾವುದೆಂದು ಕೇಳಿದರೆ ನಾನು ಹಿಂದೆಮುಂದೆ ನೋಡದೆ ಜೀಬ್ರಾ ಡೇನಿಯೊ ಎನ್ನುತ್ತೇನೆ. ಇದು ನಮ್ಮ ದೇಶದ್ದೇ ಮೀನು. ಗದ್ದೆಯ ಕಾಲುವೆ, ಆಳವಿಲ್ಲದ ಹಳ್ಳಗಳಲ್ಲಿ ಬದುಕುವಂಥದ್ದು, ಹಾಗಾಗಿ ಅಗಲವಾಗಿ ಆಳ ಕಡಿಮೆಯಿರುವ ಟಬ್ ಅದಕ್ಕೆ ಒಗ್ಗುತ್ತದೆ. 1822ರಲ್ಲಿ ಇದಕ್ಕೆ ವೈಜ್ಞಾನಿಕ ಹೆಸರಿಟ್ಟ ಫ್ರಾನ್ಸಿಸ್ ಬುಕಾನನ್ ಹ್ಯಾಮಿಲ್ಟನ್, ಅದಕ್ಕೂ ಎರಡು ದಶಕ ಮೊದಲು, 1800-01ರ ತನ್ನ ಪ್ರವಾಸದಲ್ಲಿ ನಮ್ಮ ಇಕ್ಕೇರಿ, ಬಿದನೂರು (ಇಂದಿನ ನಗರ) ಊರುಗಳ ಮೂಲಕ ಹಾದುಹೋದವನು ಎಂಬುದನ್ನು ಶಿವಮೊಗ್ಗದವರು ತಿಳಿದಿರಬೇಕು. ಈ ಮೀನು ಮೊಟ್ಟೆ ಇಡುವುದು ಬೆಳಕು ಹರಿಯುವ ಹೊತ್ತಿನಲ್ಲಿ. ಹಿಂದಿನ ಸಂಜೆ ಒಂದು ಅಗಲವಾದ ಟ್ರೇಯಲ್ಲಿ ಮಕ್ಕಳು ಆಡುವ ಗಾಜಿನ ಗೋಲಿಗಳನ್ನು ಎರಡು ಪದರವಾಗಿ ತುಂಬಿ, ಟಬ್ಬಿನ ಅಂಚಿನ ಬಳಿ, ನೀರು ಅದರ ಮೇಲೆ ಒಂದು ಗೇಣಿಗಿಂತ ಕಡಿಮೆ ಇರುವಂತೆ ಇಟ್ಟಿಗೆಯ ಮೇಲೆ ಕೂರಿಸಿ, ಮೇಲೊಂದು ಎಸಳು ಹೈಡ್ರಿಲ್ಲಾ ನೀರುಗಿಡ ಇಡಬೇಕು. ಬೆಳಿಗ್ಗೆ ಸದ್ದು ಮಾಡದೆ ಕುಳಿತು ನೋಡಿದರೆ, ಹೊಟ್ಟೆ ದುಂಡಗಾದ ಹೆಣ್ಣನ್ನು ಎರಡು ಮೂರು ಗಂಡುಗಳು ಅಟ್ಟಿಸಿಕೊಂಡು ಬರುವುದು, ಆಳ ಕಡಿಮೆಯಿರುವ ಆ ಟ್ರೇಯ ಮೇಲೆ ಬಂದಾಗ ಒಂದು ಗಂಡು ಅವಳ ಪಕ್ಕೆಗೆ ಒತ್ತಿ ಕ್ಷಣ ನಡುಗುವುದು, ಕೂಡಲೇ ರವೆಯ ಕಾಳಿಗಿಂತ ದೊಡ್ಡದಲ್ಲದ ಪಾರದರ್ಶಕ ಮೊಟ್ಟೆಗಳು ಗೋಲಿಗಳ ಸಂದಿಗೆ ಉದುರುವುದು ಕಾಣುತ್ತದೆ. ಉಳಿದ ಮೀನುಗಳು ಮರುಕ್ಷಣವೇ ಮೊಟ್ಟೆ ತಿನ್ನಲು ಮೂತಿ ತೂರಿಸುತ್ತವೆ, ಗೋಲಿ ಅಡ್ಡವಿರುವುದರಿಂದ ಸಿಗುವುದಿಲ್ಲ. ಬಿಸಿಲೇರುವ ಮೊದಲು ಟ್ರೇಯನ್ನು ಎತ್ತಿ, ಗೋಲಿ ತೊಳೆದು, ಮೊಟ್ಟೆಗಳನ್ನು ಅದೇ ನೀರಿರುವ ಚಿಕ್ಕ ಬೇಸಿನ್ನಿಗೆ ಬಿಟ್ಟರೆ ಎರಡು ಮೂರು ದಿನಗಳಲ್ಲಿ ಒಡೆಯುತ್ತವೆ. ಮರಿಗಳು ಈಜಲು ಆರಂಭಿಸಿದ ಮೇಲೆ ದಿನಕ್ಕೆ ಒಂದೆರಡು ಲೋಟ ಹಸಿರು ನೀರು, ವಾರದ ನಂತರ ಸೋಸಿದ ಸಣ್ಣ ಮೊಯಿನಾ (ನೀರಿನಲ್ಲಿ ಬೆಳೆಯುವ ಪುಟ್ಟ ಜೀವಿ) ಕೊಟ್ಟರೆ ಬೇರೇನೂ ಬೇಡ.

ಗುರಾಮಿಗಳಿಗೂ ಈ ಟಬ್ ಒಳ್ಳೆಯದೇ, ಆದರೆ ನೀರನ್ನು 20 ಸೆಂಟಿಮೀಟರಿಗೆ ಇಳಿಸಬೇಕು. ಗಂಡು ಅಂತರಗಂಗೆಯ ಎಲೆಯ ಮರೆಯಲ್ಲಿ ನೊರೆಗೂಡು ಕಟ್ಟಿ ಮೊಟ್ಟೆಗಳನ್ನು ಕಾಯುತ್ತದೆ. ಮೊಟ್ಟೆ ಇಟ್ಟ ಮೇಲೆ ಹೆಣ್ಣನ್ನು ಬೇರೆ ಮಾಡದಿದ್ದರೆ ಗಂಡು ಅದನ್ನು ಕಚ್ಚಿ ಹಾಕುತ್ತದೆ. ಗುರಾಮಿ ಮರಿಗಳು ಮೇಲೆ ಬಂದು ಗಾಳಿ ನುಂಗಲು ಕಲಿಯುವ ದಿನಗಳಲ್ಲಿ ನೀರಿನ ಮೇಲಿನ ಗಾಳಿ ಬೆಚ್ಚಗೆ, ತೇವವಾಗಿ ಇರಬೇಕು. ಮೇ ತಿಂಗಳ ನಮ್ಮ ಸೆಕೆ ಅದಕ್ಕೆ ಹೇಳಿ ಮಾಡಿಸಿದಂತಿದೆ. ಗಪ್ಪಿಯ ಬಗ್ಗೆ ಹೆಚ್ಚು ಹೇಳುವುದೇನೂ ಇಲ್ಲ: ಸುಮಾರು ನಾಲ್ಕು ವಾರಕ್ಕೊಮ್ಮೆ ನೇರವಾಗಿ ಮರಿ ಹಾಕುತ್ತದೆ, ದಟ್ಟವಾಗಿ ಗಿಡ ಇದ್ದರೆ ಮರಿಗಳು ತಾವಾಗಿಯೇ ಉಳಿದುಕೊಳ್ಳುತ್ತವೆ. ಅವು ಹೆಚ್ಚಾದಾಗ ಹೊಳೆಗೆ ಬಿಡುವ ಅಭ್ಯಾಸವನ್ನು ಮಾತ್ರ ಕಟುವಾಗಿಯೇ ವಿರೋಧಿಸುತ್ತೇನೆ. ಶೃಂಗೇರಿ, ಚಿಬ್ಬಲಗುಡ್ಡೆಗಳಲ್ಲಿ ದೇವರ ಮೀನೆಂದು ಜನ ತಲೆಮಾರುಗಳಿಂದ ಕಾಯ್ದುಕೊಂಡು ಬಂದ ತುಂಗೆಯಲ್ಲಿ ಹೊರದೇಶದ ಮೀನಿಗೆ ಜಾಗವಿಲ್ಲ. ಗೋಲ್ಡ್‌ಫಿಶ್ ತಂಪು ನೀರಿನ ಮೀನು. ಏಪ್ರಿಲ್, ಮೇ ತಿಂಗಳಲ್ಲಿ ಅದನ್ನು ಈ ಟಬ್ಬಿಗೆ ಬಿಡುವುದು ಬೇಡ.

ಟಬ್ಬಿನ ಬಾಯಿ ಇಷ್ಟು ಅಗಲವಾಗಿರುವುದರ ತೊಂದರೆಯೆಂದರೆ ಶತ್ರುಗಳಿಗೂ ದಾರಿ ಅಗಲವಾಗುವುದು. ಮಿಂಚುಳ್ಳಿ, ಕೊಕ್ಕರೆ, ನೀರುಹಾವು ಎಲ್ಲವೂ ಬರುತ್ತವೆ. ಕಣ್ಣಿಗೆ ಬೀಳದೆ ಎಲ್ಲಕ್ಕಿಂತ ಹೆಚ್ಚು ಹಾನಿ ಮಾಡುವುದು ಏರೋಪ್ಲೇನ್ ಚಿಟ್ಟೆಯ ಮರಿಹುಳು. ಚಿಟ್ಟೆ ನೀರಿನ ಮೇಲೆ ಬಾಲ ಅದ್ದಿ ಮೊಟ್ಟೆ ಇಟ್ಟು ಹೋಗುತ್ತದೆ. ತಳದಲ್ಲಿ ಬೆಳೆಯುವ ಹುಳು ತನ್ನ ಮಡಚಿದ ಕೆಳದವಡೆಯನ್ನು ಚಾಚಿ ಮೀನುಮರಿಗಳನ್ನು ಒಂದೊಂದಾಗಿ ಹಿಡಿಯುತ್ತದೆ. ಟಬ್ಬಿನ ಜೊತೆ ಮುಚ್ಚಳ ಬರುವುದಿಲ್ಲ, ಇದು ಅದರ ಕೊರತೆಗಳಲ್ಲೊಂದು. ಸೈಕಲ್ ಚಕ್ರದಂತೆ ಬಿದಿರಿನ ಸೀಳನ್ನು ಬಳೆಯಾಗಿ ಬಗ್ಗಿಸಿ ಅದಕ್ಕೆ ಸೊಳ್ಳೆಪರದೆ ಬಿಗಿದು ಮುಚ್ಚಿದರೆ ಇವೆಲ್ಲಕ್ಕೂ ತಡೆಯಾಗುತ್ತದೆ. ಮೀನಿಲ್ಲದೆ ಹಸಿರು ನೀರು ಬೆಳೆಸಲು ಇಟ್ಟ ಟಬ್ಬಿಗಂತೂ ಪರದೆ ಕಡ್ಡಾಯ, ಇಲ್ಲದಿದ್ದರೆ ಅದು ಡೆಂಗಿ ಸೊಳ್ಳೆಯ ತವರಾಗುತ್ತದೆ.

ತೋಟದೊಳಗೆ ಇಡಬಾರದೆಂದು ಹೇಳಿದ ಕಾರಣಕ್ಕೆ ಈಗ ಬರುತ್ತೇನೆ. ಮಳೆಗಾಲ ಹಿಡಿಯುವ ಮುನ್ನ ಕೊಳೆರೋಗ ತಡೆಯಲು ಅಡಿಕೆ ಕೊನೆಗಳಿಗೆ ಬೋರ್ಡೋ ಹೊಡೆಯುತ್ತಾರೆ. 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಸೇರಿಸಿದ ಆ ಮಿಶ್ರಣದ ತಾಮ್ರ ಮೀನಿಗೂ ಬಸವನಹುಳುವಿಗೂ ಘೋರ ವಿಷ. ಗಡಸು ನೀರಿನಲ್ಲಿ ತಾಮ್ರದ ಪ್ರಭಾವ ಸ್ವಲ್ಪ ತಗ್ಗುತ್ತದೆ, ಮಲೆನಾಡಿನ ಮೆದು ನೀರಿನಲ್ಲಿ ಅದು ಪೂರ್ತಿ ಪ್ರಭಾವ ತೋರಿಸುತ್ತದೆ. ಕೊನೆಗಾರರು ಮರದ ಮೇಲಿನಿಂದ ಹೊಡೆದ ಔಷಧಿ ಗಾಳಿಗೆ ಬಹುದೂರ ತೂರುತ್ತದೆ; ಹೊಡೆದ ಮೇಲೆ ಬೀಳುವ ಮೊದಲ ಮಳೆಯ ಹನಿಗಳು ಎಲೆಯ ಮೇಲಿನ ತಾಮ್ರವನ್ನು ಕೆಳಗೆ ತರುತ್ತವೆ. ಆದ್ದರಿಂದ ತೋಟದ ಅಂಚಿನಲ್ಲಿ ಟಬ್ ಇಟ್ಟವರು ಔಷಧಿ ಹೊಡೆಯುವ ದಿನವನ್ನು ಕೇಳಿ ತಿಳಿದು, ಟಬ್ಬಿಗೆ ಪ್ಲಾಸ್ಟಿಕ್ ಹಾಳೆ ಹೊದಿಸಬೇಕು. ಔಷಧಿ ಕಲಸಿದ ಟಬ್ಬನ್ನು ಎಷ್ಟೇ ತೊಳೆದರೂ ಮೀನಿಗೆ ಬಳಸಬಾರದು. ಕೊಳ್ಳುವಾಗಲೇ ಮೀನಿನದನ್ನು ಬೇರೆಯಾಗಿ ತೆಗೆದುಕೊಂಡು ಗುರುತು ಹಾಕಿಡುವುದು ಕ್ಷೇಮ.

ಈ ಟಬ್ಬಿನ ನಿಜವಾದ ದೊಡ್ಡ ದೋಷ ಅದಕ್ಕೆ ಹೊರಹರಿವಿನ ದಾರಿ ಇಲ್ಲದಿರುವುದು. ಭರಣಿ, ಕೃತ್ತಿಕೆ ಮಳೆಗಳು ಅಪರೂಪಕ್ಕೆ ಬಂದು ಹೋಗುತ್ತವೆ. ಮೃಗಶಿರೆ ಹಿಡಿದ ಮೇಲೆ ಹೊಸನಗರ, ತೀರ್ಥಹಳ್ಳಿ ಕಡೆ ಒಂದೇ ದಿನ 100 ಮಿಲಿಮೀಟರ್ ಸುರಿಯುವುದು ಹೊಸದಲ್ಲ. ಅಷ್ಟು ಮಳೆಯಾದರೆ ಟಬ್ಬಿನಲ್ಲಿ ನೀರು 10 ಸೆಂಟಿಮೀಟರ್ ಏರಿ ಅಂಚಿಗೆ ಬಂದು ನಿಲ್ಲುತ್ತದೆ, ಸೂರಿನ ನೀರೂ ಬಿದ್ದರೆ ಮರಿಗಳು ಅಂಗಳದ ಪಾಲು. ಪ್ಲಂಬರ್ ಕೈಯಲ್ಲಿ ಅಂಚಿನಿಂದ 8 ಸೆಂಟಿಮೀಟರ್ ಕೆಳಗೆ ರಂಧ್ರ ಕೊರೆಸಿ, ಒಂದು ಇಂಚಿನ ಟ್ಯಾಂಕ್ ನಿಪ್ಪಲ್ಲನ್ನು ಎರಡೂ ಬದಿ ರಬ್ಬರ್ ವಾಷರ್ ಕೊಟ್ಟು ಬಿಗಿಸಿ, ಒಳಬಾಯಿಗೆ ಸ್ಪಂಜು ಕಟ್ಟಿದರೆ ಈ ದೋಷ ನೀಗುತ್ತದೆ. ಖರ್ಚು ಅಲ್ಪ. ತೆಳು ಟಬ್ಬಿನ ಗೋಡೆ ಈ ಜೋಡಣೆಯನ್ನು ತಾಳುವುದಿಲ್ಲ, ದಪ್ಪ ಟಬ್ಬನ್ನೇ ಕೊಳ್ಳಿ ಎನ್ನುವುದಕ್ಕೆ ಇದೂ ಒಂದು ಕಾರಣ.

ಬೇರೆ ಪಾತ್ರೆಗಳ ಬಗ್ಗೆ ಎರಡು ಮಾತು. ಸಿಮೆಂಟ್ ರಿಂಗಿನ ತೊಟ್ಟಿ ತಂಪಾಗಿರುತ್ತದೆ, ಬಹುಕಾಲ ಬಾಳುತ್ತದೆ. ಆದರೆ ಹೊಸದರಲ್ಲಿ ಸುಣ್ಣದಂಶ ಬಿಟ್ಟು ಪಿಎಚ್ ಏರಿಸುವುದರಿಂದ ಬಾಳೆದಿಂಡು ಹಾಕಿ ನೆನೆಸಿ, ಹಲವು ಬಾರಿ ನೀರು ಬದಲಿಸಿಯೇ ಬಳಸಬೇಕು, ಮತ್ತು ಒಮ್ಮೆ ಕೂರಿಸಿದರೆ ಬಿಸಿಲಿಗೆ ತಕ್ಕಂತೆ ಸರಿಸಲಾಗದು. ಟಾರ್ಪಾಲಿನ್ ತೊಟ್ಟಿ ಅಗ್ಗ, ಆದರೆ ಇಲಿ ಕಚ್ಚಿದರೆ ಒಂದೇ ರಾತ್ರಿಯಲ್ಲಿ ಬರಿದು. ಹಳೆಯ ಮನೆಗಳ ಕಲ್ಮರಿಗೆ ಇರುವವರು ಅದೃಷ್ಟವಂತರು, ಗುರಾಮಿ ಜೋಡಿಗೆ ಅದಕ್ಕಿಂತ ಹಿತವಾದ ಜಾಗವಿಲ್ಲ.

ಅಂಗಳ, ಹಿತ್ತಿಲು, ಚಪ್ಪರ ಇರುವ ಮನೆಯವರು ದಪ್ಪ ಗೋಡೆಯ 500 ಲೀಟರಿನ ಟಬ್ಬನ್ನು ಧೈರ್ಯವಾಗಿ ಕೊಳ್ಳಬಹುದು. ಮೊಟ್ಟೆ, ಮರಿಗಳಿಗೆಂದು ಅದರ ಜೊತೆಗೆ ಚಿಕ್ಕ ಬೇಸಿನ್ ಒಂದೆರಡು ಬೇಕೇಬೇಕು. ಪೇಟೆಯ ತಾರಸಿ ಮನೆಯವರಿಗೆ ಈ ಅಳತೆಯನ್ನು ನಾನು ಸೂಚಿಸುವುದಿಲ್ಲ. ಅರ್ಧ ಟನ್ ಭಾರವನ್ನು ತಾರಸಿಯ ನಡುವೆ ಹೇರುವ ಮುನ್ನ ಮನೆ ಕಟ್ಟಿದ ಎಂಜಿನಿಯರನ್ನು ಕೇಳಲೇಬೇಕು, ಮೇಲಾಗಿ ಅಲ್ಲಿನ ಕಾಂಕ್ರೀಟ್ ರಾತ್ರಿಯೂ ಶಾಖ ಬಿಡುತ್ತಿರುವುದರಿಂದ ನೀರು ತಣಿಯಲು ಬಹಳ ಹೊತ್ತು ಹಿಡಿಯುತ್ತದೆ. ಅವರು ಇದೇ ಆಕಾರದ 150 ಲೀಟರಿನ ಟಬ್ಬನ್ನು ನೆಲಮಹಡಿಯ ಪೂರ್ವ ದಿಕ್ಕಿನ ಗೋಡೆಯ ಪಕ್ಕ ಇಟ್ಟು, ಒಂದು ಜಾತಿಯ ಮೀನನ್ನು ಮಾತ್ರ ಸಾಕಿದರೆ ಆರಿದ್ರಾ ಮಳೆ ಬರುವುದರೊಳಗೆ ಒಂದು ತಲೆಮಾರು ಮರಿಗಳನ್ನು ನೆಮ್ಮದಿಯಾಗಿ ಬೆಳೆಸಿಕೊಳ್ಳಬಹುದು.